ಅಧ್ಯಕ್ಷರ ಬಾಯಿ

ಶಿಲ್ಪಿ ಬರೆದ ಚಿತ್ರಕ್ಕೆ ನಗರಸಭೆಯ ಅಧ್ಯಕ್ಷರು ಸುಣ್ಣ ಬಳಿಸಿದ ದಿನದಿಂದ ಅವನಿಗೆ ಊಟ ಸೇರಿರಲಿಲ್ಲ. ಬೇಸಿಗೆಯಿಡೀ ಏಣಿಯ ಮೇಲೆ ನಿಂತು ಗೋಡೆ ತುಂಬ ಬರೆದ ಚಿತ್ರ. ಕಣ್ಣಿಗೆ ಹಿತವಾಗಿಲ್ಲವಂತೆ! ಆ ಮನುಷ್ಯ ಉದ್ಘಾಟನೆಗೆ ಬರುವ ಕಲಾಪ್ರದರ್ಶನದಲ್ಲೇ ಅವನ ಮಾನ ಹರಾಜು ಹಾಕದಿದ್ದರೆ ತಾನು ಉಳಿ ಹಿಡಿದದ್ದೇ ದಂಡ ಎಂದು ಶಿಲ್ಪಿ ಹಲ್ಲು ಕಡಿದ.

ಹಾಗೆ ಹುಟ್ಟಿದ್ದು ಅಧ್ಯಕ್ಷರನ್ನು ಅಣಕಿಸುವ ಆ ಪ್ಲಾಸ್ಟರ್ ಮೂರ್ತಿ. ಕುರ್ಚಿಗೆ ಕೈಕಾಲು ಮೂಡಿದಂಥ ಮೈ, ಕತ್ತಿಲ್ಲ, ಮುಖದ ತುಂಬ ತೆರೆದ ಬಾಯಿ.

ಪ್ರದರ್ಶನದ ಬೆಳಿಗ್ಗೆ ಅದನ್ನು ಮಹಡಿಯಿಂದ ಇಳಿಸಲು ಕೆಳಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದರು. ಕೈ ಹಚ್ಚಲಿಲ್ಲ, ಅಪ್ಪಣೆ ಮಾತ್ರ ಕೊಟ್ಟರು. ಅವರ ಎಡ ಯಾವುದು, ಹೊತ್ತವರ ಎಡ ಯಾವುದು ಎಂದು ತಿಳಿಯುವಷ್ಟರಲ್ಲಿ ಮೂರ್ತಿ ಮೆಟ್ಟಿಲ ಕಂಬಿಗೆ ಬಡಿದು ಬಾಯಿಯೇ ಉದುರಿತು.

ಶಿಲ್ಪಿ ಮೇಷ್ಟ್ರಿಗೆ ಮಂಗಳಾರತಿ ಮಾಡುತ್ತಲೇ ಪ್ಲಾಸ್ಟರ್ ಕಲಸಿದ. ಯಾವ ಮುಖ ಮಾಡುವಾಗಲೂ ಆ ಭಾವವನ್ನು ತಾನೇ ಕನ್ನಡಿಯಲ್ಲಿ ನಟಿಸಿ, ನೋಡಿ, ಮೆತ್ತುವುದು ಅವನ ರೂಢಿ. ಮೂರ್ತಿಯನ್ನು ಪಕ್ಕದ ದರ್ಜಿಯ ಅಂಗಡಿಗೆ ಹೊರಿಸಿ, ಅಲ್ಲಿನ ಕನ್ನಡಿಯೆದುರು ನಿಂತು ಅಧ್ಯಕ್ಷರನ್ನು ನೆನೆದು ಹಲ್ಲು ಕಿರಿದ, ಮೆತ್ತಿದ. ಮತ್ತೆ ಕಿರಿದ, ಮತ್ತೆ ಮೆತ್ತಿದ. ದರ್ಜಿ ಕನ್ನಡಿ ನೋಡಿದ, ಮೂರ್ತಿ ನೋಡಿದ, ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಏಟು ತಾಗಿತು ಎಂದು ಶಿಲ್ಪಿ ಹಿಗ್ಗಿದ.

ಸಭಾಂಗಣದಲ್ಲೂ ಅದೇ ನಗು. ಬಂದವರೆಲ್ಲ ಮೂರ್ತಿಯನ್ನು ನೋಡಿ, ಇವನ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ನಗುವವರೇ. ಇವನು ಎದೆಯುಬ್ಬಿಸಿ ಅಧ್ಯಕ್ಷರ ದಾರಿ ಕಾದ.

ಅಧ್ಯಕ್ಷರು ಬಂದರು, ನೋಡಿದರು. ಆಮೇಲೆ ಅವರು ಎಲ್ಲರಿಗಿಂತ ಜೋರಾಗಿ ನಕ್ಕು ಶಿಲ್ಪಿಯ ಹೆಗಲ ಮೇಲೆ ಕೈಹಾಕಿದರು.

"ನಿಮ್ಮ ವಿಷಯ ತಪ್ಪು ತಿಳ್ಕೊಂಡಿದ್ದೆ ಸ್ವಾಮಿ. ತನ್ನನ್ನೇ ಇಷ್ಟು ಲೇವಡಿ ಮಾಡ್ಕೊಳ್ಳೋಕೆ ದೊಡ್ಡ ಮನಸ್ಸು ಬೇಕು."

ಶಿಲ್ಪಿಗೆ ಮೈಯೆಲ್ಲ ಉರಿಯಿತು. ಅವರ ಕೈ ಕೊಡವಿ, "ಅದು ನಾನಲ್ಲ, ನೀವು. ಊರು ನುಂಗೋ ಬಾಯಿ ನಿಮ್ದು," ಎಂದು ಅರಚಿದ. ಅರಚಿದಷ್ಟೂ ಹಲ್ಲು ಹೊರಬಂದವು, ಕತ್ತು ಹೆಗಲೊಳಗೆ ಹುದುಗಿತು. ಜನ ಒಮ್ಮೆ ಮೂರ್ತಿಯನ್ನೂ ಒಮ್ಮೆ ಅವನನ್ನೂ ನೋಡಿ ಚಪ್ಪಾಳೆ ತಟ್ಟಿದರು.

ಪತ್ರಿಕೆಯ ಛಾಯಾಗ್ರಾಹಕ ಮುಂದೆ ನುಗ್ಗಿ ಮಂಡಿಯೂರಿದ.

"ಸಾರ್, ಹಾಗೇ ಇರಿ. ಬಾಯಿ ಮಾತ್ರ ಮುಚ್ಚಬೇಡಿ."