ಹೊಸ ಕೇಳುಗರಿಗೆ ಹತ್ತು ಹಾಡು

ಕಲಿಸಲು ಬಾರದ ವಿಷಯವೇ ಇಲ್ಲ ಎಂದು ನಾನು ನಂಬಿದ್ದ ಕಾಲವದು. ಮನೆ ಗೋಕಾಕದಲ್ಲಿ, ಮೂಡಲಗಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಭಿನ್ನರಾಶಿಯನ್ನೇ ತಲೆಗೆ ಹತ್ತಿಸಿದವನಿಗೆ ಥ್ರ್ಯಾಶ್ ಮೆಟಲ್ ಯಾವ ಲೆಕ್ಕ?

ಥ್ರ್ಯಾಶ್ ಮೆಟಲ್ ಎಂದರೆ ವಿದೇಶಿ ಸಂಗೀತದ ಒಂದು ಬಗೆ. ಗಿಟಾರುಗಳು ಬಸ್ಸು ತಪ್ಪಿದವರಂತೆ ಓಡುತ್ತವೆ, ಡ್ರಮ್ಮು ಅವನ್ನು ಅಟ್ಟಿಸಿಕೊಂಡು ಹೋಗುತ್ತದೆ, ಹಾಡುವವನು ಎಲ್ಲರನ್ನೂ ಬೈಯುತ್ತಾನೆ. ಧಾರವಾಡದ ಹಾಸ್ಟೆಲಿನಲ್ಲಿ ನನಗೆ ಈ ಚಟ ಹತ್ತಿತು. ಆದರೆ ತೊಂಬತ್ತರ ದಶಕದ ಗೋಕಾಕದಲ್ಲಿ ಜೊತೆಗೆ ಕೂತು ಕೇಳುವವರು ಸಿಗಲಿಲ್ಲ. ಹುಕ್ಕೇರಿಯ ಗೆಳೆಯ ಒಂದು ಹಾಡು ಕೇಳಿ ತನ್ನ ಟೇಪ್‌ರೆಕಾರ್ಡರನ್ನು ರಿಪೇರಿಗೆ ಕೊಟ್ಟ. ನಮ್ಮ ಸಾಲೆಯ ಡ್ರಾಯಿಂಗ್ ಮಾಸ್ತರರು "ಭಾಳ ಛಲೋ ಐತ್ರಿ" ಎಂದು ಕ್ಯಾಸೆಟ್ ಹಿಂದಿರುಗಿಸಿದರು. ಅದರ ಪ್ಲಾಸ್ಟಿಕ್ ಸುತ್ತನ್ನು ಇನ್ನೂ ಬಿಚ್ಚಿರಲಿಲ್ಲ.

ಅಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಹುಡುಗಿ ಕೌಜಲಗಿಯ ರೇಣುಕಾ. ಅವಳ ಅಜ್ಜನ ಕಾಲಕ್ಕೆ ಕುರಿ ಕಾಯುತ್ತಿದ್ದ ಮನೆತನ, ಈಗ ಜೋಳ ಬೆಳೆಯುತ್ತಿತ್ತು. ನೋಡಲು ಹೋದ ದಿನ ಅವಳು ಚಹಾ ಕೊಡುತ್ತಾ ಒಮ್ಮೆ ನಕ್ಕಿದ್ದಳು. ನಾನು ಅಂದೇ ಮುಗಿದುಹೋಗಿದ್ದೆ. ಮದುವೆಯಾದರೆ ಇವಳನ್ನೇ, ಕೇಳಿಸಿದರೆ ಇವಳಿಗೇ ಎಂದು ತೀರ್ಮಾನಿಸಿದೆ.

ಪಂಚಮಿ ಹಬ್ಬಕ್ಕೆ ಹುಡುಗಿಯ ಮನೆಗೆ ಸೀರೆ, ಉಂಡಿ ಕಳಿಸುವ ರೂಢಿ. ಅದರ ಜೊತೆಗೆ ನಾನೊಂದು ಕ್ಯಾಸೆಟ್ ತಯಾರು ಮಾಡಿದೆ: ಹೊಸ ಕೇಳುಗರಿಗೆ ಅತ್ಯಗತ್ಯವಾದ ಹತ್ತು ಹಾಡುಗಳು, ಸುಲಭದಿಂದ ಕಠಿಣದ ಕಡೆಗೆ. ಪಾಠ ಯೋಜನೆಯನ್ನೂ ಬರೆದು ಅದರ ಜೊತೆಗಿಟ್ಟೆ. ಒಂದನೇ ಹಾಡು: ಹೆದರಬೇಡಿರಿ. ನಾಲ್ಕನೇ ಹಾಡು: ಈಗ ಸ್ವಲ್ಪ ಹೆದರಬಹುದು. ಏಳನೇ ಹಾಡು: ಪಕ್ಕದಲ್ಲಿ ಕುಡಿಯಲು ನೀರಿರಲಿ. ಎಂಟನೇ ಹಾಡು: ತಲೆ ತಾನಾಗಿ ಅಲ್ಲಾಡುತ್ತದೆ, ತಡೆಯಬೇಡಿರಿ.

"ಉಂಡಿ ಬುಟ್ಯಾಗ ಇದೇನೋ?" ಎಂದು ಅವ್ವ ಕೇಳಿದಳು.

"ಹಾಡವ್ವಾ."

"ದೇವರವ?"

"ಹಂಗೂ ಅನ್ನಬೌದು."

ಗಂಡಿನ ಮನೆಯಿಂದ ಬಂದ ಬುಟ್ಟಿಯನ್ನು ಹುಡುಗಿ ಒಬ್ಬಳೇ ಬಿಚ್ಚುವಂತಿಲ್ಲ. ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಹಿರಿಯರೆದುರೇ ಬಿಚ್ಚಬೇಕು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ನೆನಪಾದದ್ದು ಮಾತ್ರ ಬುಟ್ಟಿ ಹೊತ್ತ ಬಸ್ಸು ಊರು ದಾಟಿದ ಮೇಲೆ.

ನಾಲ್ಕು ದಿನ ಬಿಟ್ಟು ಭಾವಿ ಮಾವ ಸಿದ್ದಪ್ಪನವರೇ ಗೋಕಾಕಕ್ಕೆ ಬಂದರು. ಚಹಾ ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ಹೇಳಿದರು: "ಮಾಸ್ತರ್ರ, ನಿಮ್ಮ ಕ್ಯಾಸೆಟ್‌ನ್ಯಾಗ ಯಾರೋ ಯಾರನ್ನೋ ಹೊಡ್ಯಾಕತ್ತಾರ. ಹುಡುಗನ ತಲಿ ಸುದ್ದ ಇಲ್ಲ, ಈ ಸಂಬಂಧ ಬ್ಯಾಡ ಅಂತ ನಮ್ಮವ್ವ ಹಟಾ ಹಿಡದಾಳ. ರವಿವಾರ ಬಂದು ಒಂದ್ ಮಾತು ತಿಳಿಸಿ ಹೇಳ್ರಿ."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಯಾವ ಮಾಸ್ತರ ಒಂದು ಮಾತಿಗೆ ಮುಗಿಸಿದ್ದಾನೆ?

ರವಿವಾರ ಬೆಳಿಗ್ಗೆ ಕೌಜಲಗಿಯ ಆ ಪಡಸಾಲೆಯಲ್ಲಿ ಹದಿನಾಲ್ಕು ಜನ ಕೂತಿದ್ದರು. ಬಾಗಿಲ ಹಿಂದೆ ರೇಣುಕಾಳ ಬಳೆ ಕಾಣುತ್ತಿತ್ತು. ನಾನು ಪೀಠಿಕೆ ಹಾಕಿ, ಉದಾಹರಣೆ ಕೊಟ್ಟು, ಒಂದೊಂದೇ ಹಾಡು ಕೇಳಿಸಿದೆ. ನಾಲ್ಕನೇ ಹಾಡಿಗೆ ಮನೆಯ ನಾಯಿ ಎದ್ದು ಹೋಯಿತು. ಎಂಟನೆಯದು ಶುರುವಾದಾಗ, ಹಟ ಹಿಡಿದಿದ್ದ ರೇಣುಕಾಳ ಅಜ್ಜಿ ಕೈ ಎತ್ತಿದಳು.

"ಅಲ್ಲೋ ಮಗನ, ಇದನ್ನ ಕೇಳಿದವರು ಏನ್ ಮಾಡಬೇಕು? ಕುಣೀಬೇಕೋ, ಅಳಬೇಕೋ?"

ಎಂಥ ಪ್ರಶ್ನೆ! ಇಂಥ ವಿದ್ಯಾರ್ಥಿ ನನಗೆ ಇಡೀ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ. ಪ್ರಾತ್ಯಕ್ಷಿಕೆಯೇ ಉತ್ತಮ ಎಂದುಕೊಂಡು ಎದ್ದು ನಿಂತೆ, ಕಾಲು ಅಗಲಿಸಿದೆ, ಡ್ರಮ್ಮಿನ ಹೊಡೆತಕ್ಕೆ ಸರಿಯಾಗಿ ತಲೆಯನ್ನು ಮೇಲೆ ಕೆಳಗೆ ಬೀಸತೊಡಗಿದೆ.

ಈ ಸೀಮೆಯಲ್ಲಿ ಡೊಳ್ಳಿನ ಏಟಿಗೆ ಒಬ್ಬನ ತಲೆ ಹಾಗೆ ಬೀಸತೊಡಗಿದರೆ ಅದಕ್ಕೆ ಒಂದೇ ಅರ್ಥ. ಅದೂ ನನಗೆ ಹುಟ್ಟಿದಾಗಿನಿಂದ ಗೊತ್ತು. ಹದಿನಾಲ್ಕೂ ಜನ ಎದ್ದು ಕೈಮುಗಿದರು. ಅತ್ತೆ ಒಳಗೆ ಓಡಿ ಭಂಡಾರದ ಬಟ್ಟಲು ತಂದು, ಹಿಡಿ ಹಿಡಿಯಾಗಿ ಅರಿಶಿನ ನನ್ನ ಮೇಲೆ ತೂರಿದರು. ಅದು ಮೂಗಿಗೆ ಹೋಯಿತು. ನಾನು ಸೀನಿದೆ. ಬೀಸುತ್ತಾ ಸೀನಬಾರದು. ಕುತ್ತಿಗೆ ಕಟಕ್ ಎಂದಿತು, ನಾನು ಮೊಣಕಾಲೂರಿ ಕುಸಿದೆ.

"ಮೈಯಾಗ ದೇವರು ಬಂದೈತಿ. ಕೇಳೋ ಸಿದ್ದಾ," ಎಂದಳು ಅಜ್ಜಿ.

ಮಾವ ನನ್ನೆದುರು ಅಡ್ಡಬಿದ್ದರು. "ತಪ್ಪಾತಪಾ ನಮ್ಮಪ್ಪಾ. ಈ ಸಂಬಂಧ ಮಾಡಲೋ ಬಿಡಲೋ? ನೀನ ಹೇಳು."

ನಾನು ಹೂಂ ಎಂದು ತಲೆಯಾಡಿಸಲು ಹೋದೆ. ಕುತ್ತಿಗೆ ಮೇಲೆ ಕೆಳಗೆ ಹೋಗಲೊಲ್ಲದು. ಎಡಕ್ಕೆ ಬಲಕ್ಕೆ ಮಾತ್ರ ಚೂರು ಅಲ್ಲಾಡಿತು. ಗಾಬರಿಯಾಗಿ ಇನ್ನಷ್ಟು ಪ್ರಯತ್ನಿಸಿದೆ. ಇನ್ನಷ್ಟು ಸ್ಪಷ್ಟವಾಗಿ ಅಡ್ಡಡ್ಡ ಅಲ್ಲಾಡಿತು.

"ಬ್ಯಾಡ ಅಂತೈತಿ," ಎಂದು ಹದಿನಾಲ್ಕು ಜನ ನಿಟ್ಟುಸಿರು ಬಿಟ್ಟರು. ನನ್ನ ಸಂಬಂಧವನ್ನು ನಾನೇ ದೇವರಾಗಿ ಮುರಿದುಕೊಳ್ಳುತ್ತಿದ್ದೆ. ಅಳು ಬಂತು.

ಆಗ ರೇಣುಕಾ ಬಾಗಿಲ ಹಿಂದಿನಿಂದ ಹೊರಗೆ ಬಂದು ಟೇಪ್‌ರೆಕಾರ್ಡರ್ ಬಂದ್ ಮಾಡಿದಳು. ಅವಳ ಕೈಯಲ್ಲಿ ನನ್ನ ಪಾಠ ಯೋಜನೆಯಿತ್ತು.

"ಯಪ್ಪಾ, ದೇವರೂ ಇಲ್ಲ, ದಿಂಡರೂ ಇಲ್ಲ. ಎಂಟನೇ ಹಾಡಿಗೆ ತಲಿ ಅಲ್ಲಾಡ್ತೈತಿ ಅಂತ ಇವರ ಬರದಾರ. ಈಗ ಕುತ್ತಿಗಿ ಉಳುಕೇತಿ. ಬಾಯಿಲೆ ಹೇಳ್ರಿ ಅನ್ನು."

"ಮಾಡ್ರಿ ಮಾವಾರ," ಎಂದು ನಾನು ಗೋಳಾಡಿದೆ. "ಜಲ್ದಿ ಮಾಡ್ರಿ."

ಎಲ್ಲರಿಗಿಂತ ಮೊದಲು ಅಜ್ಜಿ ನಕ್ಕಳು. "ಹುಡುಗ ಸುದ್ದ ಅದಾನ. ಬರೇ ಮಳ್ಳ ಅದಾನ," ಎಂದು ತೀರ್ಪು ಕೊಟ್ಟಳು.

ಮದುವೆಯ ಎಲ್ಲ ಫೋಟೋಗಳಲ್ಲೂ ನಾನು ಎಡಕ್ಕೇ ನೋಡುತ್ತಿದ್ದೇನೆ. ಪುಣ್ಯಕ್ಕೆ ರೇಣುಕಾ ಕೂತದ್ದೂ ಎಡಕ್ಕೇ. ಕ್ಯಾಸೆಟ್ಟನ್ನು ಮಾವ ಇಟ್ಟುಕೊಂಡರು. ಜೋಳ ಹಾಲುತೆನೆಗೆ ಬಂದಾಗ ಹೊಲದ ಅಟ್ಟಣಿಗೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ಗಿಳಿ ಓಡಿಸಲು ಅದನ್ನು ಹಚ್ಚಿದರು. ಮೊದಲ ದಿನ ಒಂದು ಹಕ್ಕಿಯೂ ಹೊಲದ ಹತ್ತಿರ ಸುಳಿಯಲಿಲ್ಲವಂತೆ. ನನ್ನ ಸಂಗೀತಕ್ಕೆ ಕೊನೆಗೂ ಒಂದು ಬೆಲೆ ಬಂತು ಎಂದು ಹಿಗ್ಗಿದೆ.

ಹತ್ತು ದಿನ ಬಿಟ್ಟು ರೇಣುಕಾ ನನ್ನನ್ನು ಹೊಲಕ್ಕೆ ಕರೆದೊಯ್ದಳು. ಏಳನೇ ಹಾಡು ನಡೆದಿತ್ತು. ಗಿಳಿಗಳ ಇಡೀ ಹಿಂಡು ತೆನೆಗಳ ಮೇಲೆ ಕೂತು, ಆರಾಮಾಗಿ ಜೋಳ ತಿನ್ನುತ್ತಾ ಕೇಳುತ್ತಿತ್ತು.

"ನೋಡ್ರಿ," ಎಂದಳು ರೇಣುಕಾ, "ಹೊಸಬರಿಗೆ ಹಿಡಿಸೇತಿ."

ಅಷ್ಟರಲ್ಲಿ ಎಂಟನೇ ಹಾಡು ಬಂತು. ಒಂದು ಗಿಳಿ ಡ್ರಮ್ಮಿನ ಹೊಡೆತಕ್ಕೆ ಸರಿಯಾಗಿ ತಲೆಯನ್ನು ಮೇಲೆ ಕೆಳಗೆ ಅಲ್ಲಾಡಿಸತೊಡಗಿತು. ಹಾಡು ಮುಗಿಯುವವರೆಗೂ ಅಲ್ಲಾಡಿಸಿತು. ಅದರ ಕುತ್ತಿಗೆಗೆ ಏನೂ ಆಗಲಿಲ್ಲ.