ಅತ್ತೆಯ ಎದೆಗೊಂದು ಬಾಗಿಲು

ಮನೆಯಲ್ಲಿ ವಿಜ್ಞಾನ ಓದಿದವನು ಒಬ್ಬನೇ ಆಗಿಬಿಟ್ಟರೆ ಅವನಷ್ಟು ದಣಿದ ಪ್ರಾಣಿ ಇನ್ನೊಂದಿರುವುದಿಲ್ಲ. ಫ್ಯೂಸು ಹೋದರೆ ಅವನನ್ನು ಕೇಳುತ್ತಾರೆ, ಗ್ರಹಣ ಹಿಡಿದರೆ ಅವನನ್ನು ಕೇಳುತ್ತಾರೆ, ಹಾಲು ಒಡೆದರೂ ಅವನೇ ಕಾರಣ ಹೇಳಬೇಕು. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನದ ಮೇಷ್ಟರು. ಹೃದಯದ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲೆ. ಇದು ಮನೆಯವರಿಗೆ ಗೊತ್ತಾಗುವಂತೆ ಮಾಡಿದ್ದೇ ನನ್ನ ತಪ್ಪು.

ರತ್ನತ್ತೆ ನಮ್ಮ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ನಲವತ್ತು ವರ್ಷ ರೇಷ್ಮೆಗೂಡಿನಿಂದ ನೂಲು ತೆಗೆದ ಕೈ ಅವರದು. ಎಪ್ಪತ್ತೆಂಟರಲ್ಲೂ ಮಹಡಿ ಹತ್ತಿ ಹಪ್ಪಳ ಒಣಹಾಕುತ್ತಿದ್ದರು. ಆ ಬೇಸಿಗೆಯಲ್ಲಿ ಮಾತ್ರ ನಾಲ್ಕನೇ ಮೆಟ್ಟಿಲಿಗೇ ಏದುಸಿರು ಬಿಡುತ್ತಾ ಕೂರತೊಡಗಿದರು. ಒಂದು ದಿನ ತಲೆ ತಿರುಗಿ ಹಪ್ಪಳದ ಮೊರದ ಸಮೇತ ಉರುಳಿಬಿಟ್ಟರು. ಹಪ್ಪಳವೆಲ್ಲ ಪುಡಿಯಾಯಿತು, ಅತ್ತೆಯ ಮೊಣಕೈ ತರಚಿತು, ಅಷ್ಟೇ. ಆದರೆ ಚಿಕ್ಕಬಳ್ಳಾಪುರದ ಡಾಕ್ಟರು ಅವರ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ಬೆಂಗಳೂರಿನ ಹೃದಯದ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು.

ಬೆಂಗಳೂರಿನ ಡಾಕ್ಟರು ಚಿಕ್ಕ ವಯಸ್ಸಿನವರು, ಸುತ್ತು ಬಳಸಿ ಮಾತಾಡುವವರಲ್ಲ. ಹೃದಯದಿಂದ ರಕ್ತ ಹೊರಗೆ ಹೋಗುವ ದೊಡ್ಡ ಕವಾಟಕ್ಕೆ ಸುಣ್ಣ ಕಟ್ಟಿದ ಹಾಗೆ ಗಡಸು ಹಿಡಿದಿದೆ, ಸರಿಯಾಗಿ ತೆರೆಯುತ್ತಿಲ್ಲ. ಎದೆ ತೆರೆದು ಹೊಸ ಕವಾಟ ಹಾಕಬಹುದು, ಆದರೆ ಇವರ ವಯಸ್ಸು, ಇವರ ಶ್ವಾಸಕೋಶ ಅದನ್ನು ತಡೆಯುವುದಿಲ್ಲ ಎಂದರು. "ಫಾರಿನ್ನಲ್ಲಿ ಈಗ ಹೊಸದೊಂದು ಶುರುವಾಗಿದೆ ಸಾರ್. ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ಬಿಟ್ಟು, ಮಡಚಿದ ಕವಾಟವನ್ನ ಹೃದಯದವರೆಗೆ ಕಳಿಸಿ ಅಲ್ಲೇ ಬಿಚ್ಚಿ ಕೂರಿಸ್ತಾರೆ. ಎದೆ ಕುಯ್ಯೋದೇ ಬೇಡ. ನಮ್ಮಲ್ಲಿಗೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಅದೇ ದಾರೀಲಿ ಬಲೂನ್ ಬಿಟ್ಟು ಹಳೇ ಕವಾಟವನ್ನೇ ಸ್ವಲ್ಪ ಹಿಗ್ಗಿಸಬಹುದು. ಕೆಲವು ತಿಂಗಳು ಉಸಿರಾಟ ಸಲೀಸಾಗತ್ತೆ."

"ಆಮೇಲೆ?" ಎಂದೆ.

"ಆಮೇಲೆ ಮತ್ತೆ ಬಿಗಿಯಾಗತ್ತೆ."

ಊರಿಗೆ ಬಂದ ಮೇಲೆ ನನ್ನ ಪಾಠ ಶುರುವಾಯಿತು. ನೋಡಲು ಬಂದವರಿಗೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೃದಯ ಬರೆದು ತೋರಿಸಬೇಕು. ಗೌರಿಬಿದನೂರಿನಿಂದ ಬಂದ ನನ್ನ ಸೋದರಮಾವ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲಪ್ಪಾ, ಗುಂಡಿಗೆ ಇರೋದು ಎದೇಲಿ. ತೊಡೆಗ್ಯಾಕೆ ತೂತು ಹಾಕ್ತಾರೆ? ನೀನು ಸರಿಯಾಗಿ ಕೇಳಿಸ್ಕೊಂಡ್ಯಾ?" ಎಂದರು. ಎರಡನೇ ಸಲ ಹೇಳಿದೆ. ಮೂರನೇ ಸಲ ಕೇಳಿದಾಗ ನನಗೇ ಅನುಮಾನ ಬಂತು. ಹೆಂಡತಿ ಸುಮಿತ್ರ, "ಅದೊಂದು ಕ್ಯಾಸೆಟ್ಟಲ್ಲಿ ತುಂಬಿಡಿ, ಬಂದೋರಿಗೆಲ್ಲ ಹಾಕೋಣ" ಎಂದಳು.

ಕೊನೆಗೆ ನನ್ನನ್ನು ಪಾರುಮಾಡಿದ್ದು ರೋಗಿಯೇ. ಮಂಚದ ಮೇಲಿಂದ ಅತ್ತೆ ಹೇಳಿದರು: "ಎಷ್ಟು ಬಡ್ಕೊಂತೀಯೋ ಸೀನಾ. ನಾವು ಗೂಡಿನಿಂದ ಎಳೆ ಹೊರಗೆ ತೆಗೀತೀವಿ. ಅವ್ರು ಎಳೆ ಒಳಕ್ಕೆ ಬಿಡ್ತಾರೆ. ತುದೀಲಿ ಒಂದು ಬಲೂನು. ಅಷ್ಟೇ ತಾನೆ?"

ಮಾವನಿಗೆ ತಕ್ಷಣ ಅರ್ಥವಾಯಿತು. "ಹಂಗೆ ಹೇಳಮ್ಮಾ ಮತ್ತೆ!" ಎಂದು ನನ್ನ ಕಡೆ ಕನಿಕರದಿಂದ ನೋಡಿದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಲೂನು ಬಿಟ್ಟ ದಿನ ನಾನು ಧೈರ್ಯವಾಗಿದ್ದೆ ಎಂದು ಹೇಳಿಕೊಳ್ಳುವ ಆಸೆಯಿದೆ. ಒಪ್ಪಿಗೆ ಪತ್ರದಲ್ಲಿ, ಆಗಬಾರದ್ದು ಏನೇನು ಆಗಬಹುದು ಎಂಬುದನ್ನೆಲ್ಲ ಸಾಲಾಗಿ ಬರೆದಿದ್ದರು. ಓದುತ್ತಾ ಓದುತ್ತಾ ಅಕ್ಷರಗಳು ಈಜತೊಡಗಿದವು. ಎಚ್ಚರವಾದಾಗ ನಾನು ಬೆಂಚಿನ ಮೇಲೆ ಮಲಗಿದ್ದೆ, ನರ್ಸೊಬ್ಬಳು ಗ್ಲುಕೋಸ್ ನೀರು ಕುಡಿಸುತ್ತಿದ್ದಳು. ಗಾಲಿ ಮಂಚದ ಮೇಲೆ ಒಳಗೆ ಹೋಗುತ್ತಿದ್ದ ಅತ್ತೆ ಕತ್ತೆತ್ತಿ, "ಅವ್ನನ್ನ ಸ್ವಲ್ಪ ನೋಡ್ಕೊಳಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದು ಅವಳಿಗೆ ಹೇಳಿ ಹೋದರು. ಆ ಬಾಗಿಲು ಮುಚ್ಚಿಕೊಂಡ ಮೇಲಿನ ಒಂದೂವರೆ ಗಂಟೆ ನನಗೆ ಯಾವ ವಿಜ್ಞಾನವೂ ನೆನಪಾಗಲಿಲ್ಲ. ಸಣ್ಣವನಿದ್ದಾಗ ಜ್ವರ ಬಂದರೆ ಹಣೆಯ ಮೇಲೆ ಇಡುತ್ತಿದ್ದ, ಗೂಡು ಬೇಯಿಸುವ ಬಿಸಿನೀರಿಗೆ ಬೆಂದು ಒರಟಾದ ಅತ್ತೆಯ ಬೆರಳುಗಳಷ್ಟೇ ನೆನಪಾಗುತ್ತಿದ್ದವು.

ಎಲ್ಲ ಸಲೀಸಾಗಿ ಮುಗಿಯಿತು. ಹದಿನೈದು ದಿನಕ್ಕೆ ಅತ್ತೆ ಮಹಡಿ ಹತ್ತಿದರು. ತಿಂಗಳಾಗುವುದರಲ್ಲಿ ಬಸ್ಸಿನಲ್ಲಿ ಕೈವಾರಕ್ಕೆ ಹೋಗಿಬಂದರು. ನಾನು ಮಾತ್ರ ತಿಂಗಳುಗಳನ್ನು ಎಣಿಸುತ್ತಿದ್ದೆ. ಎಂಟನೇ ತಿಂಗಳಲ್ಲಿ ಅವರು ಮತ್ತೆ ಐದನೇ ಮೆಟ್ಟಿಲಲ್ಲಿ ಕೂತರು. ನಾನು ನೋಡಿದ್ದನ್ನು ಅವರೂ ನೋಡಿದರು.

ಅಂದಿನಿಂದ ಪೇಪರ್ ಬಂದ ಕೂಡಲೇ ಅವರದು ಒಂದೇ ಪ್ರಶ್ನೆ: "ಬಂತೇನೋ ಆ ಫಾರಿನ್ ಬಾಗಿಲು?"

"ಇನ್ನೂ ಇಲ್ಲ ಅತ್ತೆ."

"ಬರ್ಲಿ ಬಿಡು. ನನಗೇನು ಅವಸರ?"

ನನ್ನೆದುರು ಹೀಗೆನ್ನುವವರು ಬೀದಿಯವರ ಹತ್ತಿರ "ನಮ್ ಸೀನ ತರಿಸ್ತಾ ಅವ್ನೆ" ಎಂದು ಹೇಳಿಕೊಂಡು ಬಂದಿದ್ದಾರೆ ಎಂಬುದು, ಒಂದು ಭಾನುವಾರ ಚಿಂತಾಮಣಿಯ ಟೊಮೆಟೊ ವ್ಯಾಪಾರಿ ಖಾದರ್ ಸಾಹೇಬರು ಬುಟ್ಟಿ ತುಂಬ ಹಣ್ಣಿನ ಜೊತೆ ನಮ್ಮ ಜಗಲಿಗೆ ಬಂದಾಗಲೇ ನನಗೆ ತಿಳಿದದ್ದು. "ಮೇಷ್ಟ್ರೇ, ನಮ್ಮ ಅಮ್ಮಂಗೂ ಅದೇ ಕವಾಟ ಕೆಟ್ಟೈತೆ. ನೀವು ತರಿಸೋವಾಗ ಒಂದು ಜಾಸ್ತಿ ತರಿಸ್ರಿ" ಎಂದರು ಅವರು.

ನಾನು ಕ್ಯಾಲೆಂಡರ್ ತಂದೆ, ಹೃದಯ ಬರೆದೆ. ತರಿಸಲು ನಾನು ಯಾರೂ ಅಲ್ಲ, ಅದು ಯಾವಾಗ ಬರುತ್ತದೋ ಡಾಕ್ಟರಿಗೇ ಗೊತ್ತಿಲ್ಲ, ಅಷ್ಟರೊಳಗೆ ಏನು ಬೇಕಾದರೂ ಆಗಬಹುದು ಎಂದು ಹೇಳಬೇಕಿತ್ತು. ಅತ್ತೆಗೆ ಇಷ್ಟು ದಿನ ಹೇಳಲಾಗದೆ ಉಳಿದದ್ದನ್ನು ಗುರುತಿಲ್ಲದವರಿಗಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಏದುಸಿರಿನ ನಡುವೆ ಅತ್ತೆಯ ದನಿ ಬಂತು: "ಅವ್ರಮ್ಮನ ಹೆಸರು ಬರ್ಕೊಳ್ಳೋ ಸೀನಾ. ನಂದಾದ್ಮೇಲೆ ಬರಿ, ಮುಂದೆ ಹಾಕ್ಬೇಡ."

ಸಾಹೇಬರು ನನ್ನ ಪೆನ್ನನ್ನೇ ನೋಡುತ್ತಿದ್ದರು. ಬೇರೇನೂ ತೋಚದೆ, ಹೃದಯದ ಚಿತ್ರದ ಕೆಳಗೆ ಒಂದು ಎಂದು ಹಾಕಿ ಅತ್ತೆಯ ಹೆಸರು ಬರೆದೆ. ಎರಡು ಎಂದು ಹಾಕಿ, "ನಿಮ್ಮ ತಾಯಿಯವರ ಹೆಸರು ಹೇಳಿ" ಎಂದೆ.