ಚರ್ಚಿನ ಮೆಟ್ಟಿಲ ಮೇಲಿಟ್ಟ ಬೂಟು

ಬೂಟು ಹಳೆಯದಾಗಿದ್ದರೆ ದುಂಡಪ್ಪನಿಗೆ ಈ ಫಜೀತಿ ಬರುತ್ತಲೇ ಇರಲಿಲ್ಲ. ಅದು ಹೊಸದು, ಕಂದು ಬಣ್ಣದ್ದು, ಅವತ್ತಿಗಾಗಿಯೇ ತಂದದ್ದು. ಸಂಜೆ ನಾಲ್ಕಕ್ಕೆ ಅವನು ಜರ್ಮನಿಯ ರೇಗೆನ್ಸ್‌ಬುರ್ಗಿನಲ್ಲಿ ಹೆಣ್ಣು ನೋಡಬೇಕಿತ್ತು. ಹುಡುಗಿ ಸಂಜನಾ ಅಲ್ಲಿಯೇ ಎಂಜಿನಿಯರು. ಅವಳ ತಂದೆ ಬಸಲಿಂಗಯ್ಯ ಧಾರವಾಡದಿಂದ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮೂವತ್ತಾರು ತುಂಬಿದ ದುಂಡಪ್ಪನಿಗೆ ಇದು ಒಂಬತ್ತನೆಯ ಹೆಣ್ಣು. ಹಿಂದಿನ ಎಂಟೂ ಮನೆಯವರು ‘ಆಮ್ಯಾಲೆ ತಿಳಸ್ತೀವ್ರಿ’ ಎಂದವರು ಇನ್ನೂ ತಿಳಿಸಿರಲಿಲ್ಲ.

ಧೈರ್ಯಕ್ಕಿರಲಿ ಎಂದು, ತಾನು ಕೆಲಸಕ್ಕಿರುವ ಇಂಗೋಲ್‌ಸ್ಟಾಟಿನಿಂದ ಗೆಳೆಯ ಖುರ್ಷೀದನನ್ನು ಕರೆತಂದಿದ್ದ. ಅವನು ವಿಜಯಪುರದವನು.

“ನಾಕರತನಕ ಊರು ನೋಡೂಣು ಬಾ,” ಎಂದ ಖುರ್ಷೀದ್.

ಕಲ್ಲಿನ ಸೇತುವೆ ನೋಡಿದರು, ಕೆಳಗೆ ಹರಿಯುವ ಡ್ಯಾನ್ಯೂಬ್ ನೋಡಿದರು. ಖುರ್ಷೀದನ ಕಣ್ಣು ಮಾತ್ರ ಮನೆಗಳ ಮುಂದಿನ ರಟ್ಟಿನ ಡಬ್ಬಿಗಳ ಮೇಲೆ. ಈ ದೇಶದವರು ಬೇಡವಾದ ಸಾಮಾನನ್ನು ಒರೆಸಿ, ಒಪ್ಪವಾಗಿ ಹೊರಗಿಡುತ್ತಾರೆ; ಬೇಕಾದವರು ಒಯ್ಯಬಹುದು. ಅವನ ಮನೆಯ ದೀಪ, ಕುರ್ಚಿ, ಇಸ್ತ್ರಿಪೆಟ್ಟಿಗೆ ಎಲ್ಲ ಹಾಗೇ ಬಂದವು.

ದೊಡ್ಡ ಚರ್ಚಿನ ಬಾಗಿಲು ತೆರೆದಿತ್ತು. ಒಳಗೆ ಹತ್ತಾರು ಜನ ಒಂದೇ ಕೊರಳಾಗಿ ಹಾಡುತ್ತಿದ್ದರು. ಅಜ್ಜನ ಪಾರಾಯಣ ಕೇಳುತ್ತ ಬೆಳೆದ ದುಂಡಪ್ಪನ ಕಾಲು, ದೇವರ ಹಾಡು ಕಿವಿಗೆ ಬಿತ್ತೆಂದರೆ ತಾನಾಗಿ ನಿಲ್ಲುತ್ತದೆ. ನಿಂತಿತು; ಅವನು ಬಗ್ಗಿ ಬೂಟು ಬಿಚ್ಚತೊಡಗಿದ.

“ಲೇ ದುಂಡ್ಯಾ, ಇಲ್ಲಿ ಯಾರೂ ಬೂಟ ಬಿಡೂದಿಲ್ಲೋ!”

“ದೇವರ ಮನಿಯೊಳಗ ಬೂಟ ಹಾಕ್ಕೊಂಡು ಹೋಗಂತಿಯೇನಲೇ? ನನ್ನ ಕಾಲು ಒಪ್ಪೂದಿಲ್ಲ.”

ಕಾಲುಚೀಲ ಮಡಚಿ ಒಳಗಿಟ್ಟು, ಬೂಟಿನ ಧೂಳು ಒರೆಸಿ, ಮೆಟ್ಟಿಲ ಮೂಲೆಯಲ್ಲಿ ಜೋಡಿಸಿಟ್ಟ. ಹತ್ತು ನಿಮಿಷ ಎಂದವನು ಒಳಗೆ ಖುರ್ಷೀದನ ಪಕ್ಕ ಕೂತು ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೇಳಿದ. ಹೊರಬಂದಾಗ ಮೆಟ್ಟಿಲು ಆಗಷ್ಟೇ ಬೋಳಿಸಿದ ತಲೆಯಂತೆ ಖಾಲಿ ಹೊಳೆಯುತ್ತಿತ್ತು.

“ಕಳವು ಆತಲೋ!”

“ಕಳವಲ್ಲೋ. ಅಷ್ಟು ಚೆಂದ ಒರಸಿ ಇಟ್ರ ಕೊಟ್ಟಬಿಟ್ಟಾರ ಅಂತನ ತಿಳೀತಾರ. ನಾನಾಗಿದ್ರೂ ಒಯ್ತಿದ್ದೆ.”

ಅವತ್ತು ಭಾನುವಾರ ಬೇರೆ. ಜರ್ಮನಿಯಲ್ಲಿ ಭಾನುವಾರ ಬೂಟಿನಂಗಡಿ ಹುಡುಕುವುದೆಂದರೆ ಉಪವಾಸದ ದಿನ ಮಠದಲ್ಲಿ ಮಿರ್ಚಿ ಭಜಿ ಕೇಳಿದ ಹಾಗೆ. ಖುರ್ಷೀದನ ಬೂಟು ದುಂಡಪ್ಪನ ಅರ್ಧ ಪಾದಕ್ಕೇ ಮುಗಿಯಿತು. ಅಕ್ಟೋಬರಿನ ಕಲ್ಲುಹಾದಿ ಫ್ರಿಜ್ಜಿನ ತಟ್ಟೆಯಂತೆ ಕೊರೆಯುತ್ತಿತ್ತು. ನಾಯಿ ಹಿಡಿದು ಬಂದ ಮುದುಕಿಯೊಬ್ಬಳು ತಡೆದು, ಬರಿಗಾಲಲ್ಲಿ ನಡೆದರೆ ಮೂತ್ರಕೋಶಕ್ಕೆ ತಂಪು ಹತ್ತುತ್ತದೆಂದು ಐದು ನಿಮಿಷ ಗದರಿದಳು. ಟೊಪ್ಪಿಗೆಯ ಗೃಹಸ್ಥನೊಬ್ಬ ಆಂಬುಲೆನ್ಸ್ ಕರೆಯಲೇ ಎಂದ. ನಾಯಿ ಪಾದ ಮೂಸಿ ಮುಖ ತಿರುಗಿಸಿತು.

“ಅಂಜಬ್ಯಾಡ ದೋಸ್ತ,” ಎಂದ ಖುರ್ಷೀದ್. “ನಮ್ಮ ಮಂದಿ ಮನಿ. ಎಲ್ಲಾರೂ ಬೂಟು ಬಾಗಲಾಗ ಬಿಡ್ತಾರ. ಒಳಗ ಹೋದ್ರ ಯಾರಿಗೆ ಗೊತ್ತಾಗ್ತೈತಿ?”

ಆದರೆ ಬಸಲಿಂಗಯ್ಯ ಎದುರುಗೊಳ್ಳಲೆಂದು ಬೀದಿಯ ತಿರುವಿಗೇ ಬಂದು ನಿಂತಿದ್ದರು. ಅವರ ದೃಷ್ಟಿ ದುಂಡಪ್ಪನ ಮುಖದಿಂದ ಟೈಗೆ, ಟೈಯಿಂದ ಪಾದಕ್ಕೆ ಇಳಿದು ಅಲ್ಲೇ ಕೂತಿತು.

“ಬರಿಗಾಲು?”

ದುಂಡಪ್ಪ ಬಾಯಿ ತೆರೆಯುವಷ್ಟರಲ್ಲಿ ಖುರ್ಷೀದನ ನಾಲಿಗೆ ಓಡಿತ್ತು: “ಹರಕಿ ರೀ ಯಜಮಾನ್ರ!”

“ಎಲ್ಲಿತನಕ?”

“ತಲಿಮ್ಯಾಲೆ ಅಕ್ಕಿಕಾಳು ಬೀಳೂತನಕ ರೀ!”

ಬಸಲಿಂಗಯ್ಯನವರ ಕಣ್ಣಲ್ಲಿ ನೀರಾಡಿತು. “ಈ ಥಂಡಿಯೊಳಗ! ಈ ಕಾಲದಾಗ ಇಂಥಾ ಹುಡುಗ!”

ಚಹಾ ಆರುವ ಮೊದಲೇ ಮಾತು ಮುಗಿಯಿತು. ಸಂಜನಾಳೂ ತಲೆ ಅಲ್ಲಾಡಿಸಿದಳು. ಒಂಬತ್ತನೆಯ ಮನೆಯವರು ತಿಳಿಸಿಯೇಬಿಟ್ಟರು! ದುಂಡಪ್ಪನಿಗೆ ಪಾದದ ಉರಿಯೂ ಮರೆತುಹೋಯಿತು.

“ವೈಶಾಖದಾಗ ಮುಹೂರ್ತ ಇಡೂಣು,” ಎಂದರು ಬಸಲಿಂಗಯ್ಯ.

ಪಾದದ ಉರಿ ಮರಳಿತು. ನವೆಂಬರ್, ಡಿಸೆಂಬರ್, ಜನವರಿಯ ಹಿಮ… ಇರಲಿ, ಇಂಗೋಲ್‌ಸ್ಟಾಟಿನಲ್ಲಿ ಯಾರು ನೋಡುತ್ತಾರೆ?

“ನನ್ನ ತಮ್ಮನ ಮಗ ಯಶವಂತ್ ನಿಮ್ಮ ಆಫೀಸಿನ್ಯಾಗ ಅದಾನಲ್ರೀ. ಅವಗ ಆಗಲೇ ಫೋನ್ ಮಾಡೀನಿ. ಅಳಿಯಂದ್ರ ಹರಕಿಗೆ ಭಂಗ ಬರದಂಗ ದಿನಾ ನೋಡ್ಕೋ ಅಂದೀನಿ.”

ಖುರ್ಷೀದ್ ಅವಲಕ್ಕಿ ತಟ್ಟೆಯಿಂದ ತಲೆಯೆತ್ತಲಿಲ್ಲ.

ಸ್ಟೇಷನ್ ತನಕ ಬಿಟ್ಟು ಬರುವೆನೆಂದು ಬಸಲಿಂಗಯ್ಯ ಎದ್ದರು. ಬಾಗಿಲ ಹಿಂದಿನ ಗೂಡಿಗೆ ಕೈಹಾಕಿ ಒಂದು ಜೋಡಿ ಬೂಟು ತೆಗೆದರು. ಕಂದು ಬಣ್ಣದ್ದು. ಹೊಸದು. ಒಳಗಿನಿಂದ ಮಡಚಿದ ಕಾಲುಚೀಲ ಎಳೆದರು.

“ನಾನೂ ಈ ದೇಶದ ರೀತಿ ಕಲ್ತೀನ್ರೀ. ಇವತ್ತ ಮಧ್ಯಾಹ್ನ ಚರ್ಚಿನ ಮೆಟ್ಟಲ ಮ್ಯಾಲೆ ಯಾರೋ ಪುಣ್ಯಾತ್ಮ ಕೊಡಾಕಂತ ಇಟ್ಟಿದ್ದ. ಕಾಲುಚೀಲ ಸೈತ!”

“ಯಾರದೋ ಇರ್ತಾವ, ವಾಪಸ್ ಇಟ್ಟು ಬಾ ಅಂದ್ರ ಅಪ್ಪ ಕೇಳಲಿಲ್ಲ,” ಎನ್ನುತ್ತ ಸಂಜನಾ ಬೂಟು ನೋಡಿದಳು, ದುಂಡಪ್ಪನ ಪಾದ ನೋಡಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದುಂಡಪ್ಪನ ಗಂಟಲಲ್ಲಿ ‘ನಂದು’ ಎಂಬ ಮಾತು ಬಂದು, ಹರಕೆ ನೆನಪಾಗಿ, ಬಂದ ದಾರಿಯಲ್ಲೇ ಇಳಿಯಿತು.

ಬಸಲಿಂಗಯ್ಯ ಬೂಟು ಹಾಕಿಕೊಂಡು ಎರಡು ಹೆಜ್ಜೆ ನಡೆದು ಮುಖ ಕಿವುಚಿದರು. “ನನಗ ಬೆರಳಿನ ಹತ್ರ ಸ್ವಲ್ಪ ಬಿಗಿ. ನಿಮ್ಮ ಕಾಲಿಗೆ ಅಳತಿ ತಗೊಂಡು ಮಾಡಿಸಿದಂಗ ಅದಾವ ನೋಡ್ರಿ. ನಿಮಗ ಹರಕಿ ಒಂದು ಇರದಿದ್ರ ಈಗಿಂದೀಗ ಕೊಟ್ಟಬಿಡ್ತಿದ್ದೆ.”